ಹದಿನೆಂಟು ಸೀಸೆ ಕರುಳಿನ ನೀರು

ಬೆಂಗಳೂರು

“ಪೆಟ್ಟಿಗೆಯಲ್ಲಿ ಏನಿದೆ?” ಎಂದು ವಿಮಾನ ನಿಲ್ದಾಣದ ಅಧಿಕಾರಿ ಕೇಳಿದರು. ಆರು ತಿಂಗಳು ಓಡಾಡಿ ಪಡೆದ ಅನುಮತಿ ಪತ್ರಗಳನ್ನು ಮುಂದಿಟ್ಟೆ. ಅವರು ಓದಿದರು, ಹಾಳೆ ತಿರುಗಿಸಿ ಹಿಂದೆ ನೋಡಿದರು, ಮತ್ತೆ ಓದಿದರು.

“ಇದೆಲ್ಲ ಬೇಡ ಮೇಡಂ, ಕನ್ನಡದಲ್ಲಿ ಹೇಳಿ.”

“ಕರುಳು ತೊಳೆದ ನೀರು.”

ಪೆಟ್ಟಿಗೆಯ ಮೇಲಿದ್ದ ಕೈಯನ್ನು ಅವರು ಮೆಲ್ಲಗೆ ತೆಗೆದರು. “ಯಾರ ಕರುಳು?”

“ಹದಿನೆಂಟು ಜನರದ್ದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರು.”

“ಕೊಪ್ಪವಾ? ನನ್ನ ಹೆಂಡತಿ ಊರು,” ಎಂದು ಮುದ್ರೆ ಒತ್ತಿದರು. ಆ ಹದಿನೆಂಟರಲ್ಲಿ ತಮ್ಮ ನೆಂಟರು ಯಾರಾದರೂ ಇದ್ದಾರೋ ಎಂದು ಕೇಳುವ ಆಸೆ ಅವರ ಮುಖದಲ್ಲಿ ಕಂಡಿತು, ಕೇಳಲಿಲ್ಲ.

ಎರಡು ಸಾವಿರದ ನಾಲ್ಕರ ಚಳಿಗಾಲ ಅದು. ವಿಮಾನದಲ್ಲಿ ನೀರಿನ ಬಾಟಲಿಗೂ ನಿರ್ಬಂಧ ಬಂದಿರದ ಕಾಲ. ನನ್ನ ತೊಡೆಯ ಮೇಲೆ ಒಂದು ಥರ್ಮಾಕೋಲ್ ಪೆಟ್ಟಿಗೆ, ಅದರೊಳಗೆ ಹೊಗೆಯಾಡುವ ಡ್ರೈ ಐಸ್, ಐಸಿನ ನಡುವೆ ಹೆಬ್ಬೆರಳಿನಷ್ಟು ದೊಡ್ಡ ಹದಿನೆಂಟು ಸೀಸೆಗಳು. ನನ್ನ ಊರು ಭಂಡಿಗಡಿ. ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷದಿಂದ ರಕ್ತ, ಮೂತ್ರ, ಮಲ ಪರೀಕ್ಷೆ ಮಾಡುತ್ತ ಬಂದವಳು. ವಿಮಾನ ಹತ್ತಿದ್ದು ಅದೇ ಮೊದಲು.

ಸೀಸೆಗಳ ಕಥೆ

ಕೆಲವರ ಕರುಳಿನಲ್ಲಿ ಹುಣ್ಣಾಗುತ್ತದೆ, ಮಾಯುತ್ತದೆ, ಮತ್ತೆ ಆಗುತ್ತದೆ. ಕೈಯ ಮೇಲಿನ ಗಾಯ ಒಣಗಿ ಗಡುಸು ಕಲೆ ಉಳಿಯುವಂತೆ ಕರುಳಿನ ಒಳಗೂ ಕಲೆ ಕಟ್ಟುತ್ತದೆ. ಕೈಯಲ್ಲಾದರೆ ನೋಡಲು ಚೆನ್ನಾಗಿರುವುದಿಲ್ಲ ಅಷ್ಟೆ. ಕರುಳಿನಲ್ಲಾದರೆ ದಾರಿಯೇ ಕಿರಿದಾಗುತ್ತದೆ. ತಿಂದದ್ದು ಅಲ್ಲಿ ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ವಾಂತಿಯಾಗುತ್ತದೆ. ಕೊಯ್ದು ಹೊಲಿದರೆ ಕೆಲವು ವರ್ಷ ನೆಮ್ಮದಿ, ಆಮೇಲೆ ಮತ್ತೆ ಅದೇ. ನಮ್ಮ ಮೂರು ತಾಲೂಕುಗಳಿಂದ ಇಂಥವರು ನಮ್ಮ ಡಾಕ್ಟರು ಸದಾನಂದರ ಬಳಿಗೆ ಬರುತ್ತಿದ್ದರು.

‘ಇಲ್ಲಿ ಹೊಸ ಅಂಗಾಂಶ ಬೆಳೆಸು’ ಎಂದು ದೇಹ ಕಳಿಸುವ ಸಂದೇಶಕ್ಕೆ ಗ್ರೋತ್ ಫ್ಯಾಕ್ಟರ್ ಎನ್ನುತ್ತಾರೆ. ಅದು ಕರುಳಿನ ನೀರಿನಲ್ಲೂ ಇಳಿದು ಬರುತ್ತದೆ. ಅದನ್ನು ಅಳೆದರೆ ಒಳಗೆ ಕಲೆ ಈಗಲೂ ಬೆಳೆಯುತ್ತಿದೆಯೇ ಎಂಬುದಕ್ಕೆ ಸುಳಿವು ಸಿಗಬಹುದು. ಎಡಿನ್‌ಬರೊದ ಒಂದು ಪ್ರಯೋಗಾಲಯ ಈ ಕೆಲಸದಲ್ಲಿ ನುರಿತಿತ್ತು. ಮೂರು ತಿಂಗಳು ಅಲ್ಲಿದ್ದು ವಿದ್ಯೆ ಕಲಿತು, ನಮ್ಮ ರೋಗಿಗಳ ನೀರನ್ನೂ ಅಳೆದು ಬರಬೇಕೆಂದು ನನ್ನನ್ನು ಕಳಿಸಿದರು.

ನೀರು ಸಂಗ್ರಹಿಸುವುದು ಸುಲಭದ್ದಲ್ಲ. ರೋಗಿ ಒಂದು ಉಪ್ಪು ದ್ರಾವಣವನ್ನು ಲೀಟರುಗಟ್ಟಲೆ ಕುಡಿಯಬೇಕು, ಹೊರಗೆ ಬರುವುದು ಬಾವಿ ನೀರಿನಷ್ಟು ತಿಳಿಯಾಗುವವರೆಗೆ. ಆ ತಿಳಿನೀರೇ ನಮಗೆ ಬೇಕಾದದ್ದು. ಕೊಪ್ಪದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೋಣೆ ಕೇಳಿ ಪಡೆದು ವಾರಕ್ಕೆ ಇಬ್ಬರಂತೆ ಮಾಡಿದೆವು.

ಮೊದಲು ಬಂದವರು ಮೆಣಸೆಯ ಸುಬ್ರಾಯ ಭಟ್ಟರು. ಸಾವಿರ ಎಲೆಯ ಮದುವೆಗೂ ಅಡಿಗೆ ಮಾಡುವ ಮನುಷ್ಯ. ಎರಡು ಆಪರೇಷನ್ ಆಗಿತ್ತು. ತಾವು ಮಾಡಿದ ಹೋಳಿಗೆಯ ಚೂರನ್ನೂ ಬಾಯಿಗಿಟ್ಟು ವರ್ಷಗಳಾಗಿದ್ದವು. ರುಚಿ ನೋಡಿ ಉಗಿಯುತ್ತಿದ್ದರು, ಮನೆಗೆ ಹೋಗಿ ಗಂಜಿ ಕುಡಿಯುತ್ತಿದ್ದರು.

ಮೊದಲ ಲೋಟ ಕುಡಿದವರೇ ಮುಖ ಕಿವುಚಿದರು. “ಎಂತದು ಮಾರಾಯ್ತಿ ಇದು! ಉಪ್ಪಿದೆ, ಹುಳಿ ಇಲ್ಲ, ಖಾರ ಇಲ್ಲ. ಇದನ್ನ ಯಾರಿಗಾದ್ರೂ ಬಡಿಸಿದ್ರೆ ಎಲೆ ಬಿಟ್ಟು ಎದ್ದು ಹೋಗ್ತಾರೆ.”

“ಇನ್ನೂ ಹದಿನೈದು ಲೋಟ ಇದೆ ಭಟ್ರೇ.”

ಕುಡಿದರು. ಸಂಜೆ ಹೊರಡುವಾಗ ಬಾಗಿಲ ಹತ್ತಿರ ನಿಂತು ಹೇಳಿದರು: “ಅಲ್ಲಿ ಹೋಗಿ ಒಂದೇ ಒಂದು ನೋಡ್ಕೊಂಡು ಬಾ. ಒಳಗೆ ಅದು ಇನ್ನೂ ಬೆಳೀತಾ ಇದ್ಯಾ, ನಿಂತಿದ್ಯಾ? ಇದ್ದದ್ದು ಹೇಳು. ನಂಗೆ ಸಮಾಧಾನ ಮಾಡೂಕೆ ಹೋಗ್ಬೇಡ.”

ಲಂಡನ್

ಲಂಡನ್ನಿನಲ್ಲಿ ಇಳಿದಾಗ ಬೆಳಗಿನ ಮಂಜು. ಎಡಿನ್‌ಬರೊ ವಿಮಾನ ರದ್ದಾಗಿ ಸಂಜೆಗೆ ಹೋಯಿತು. ಪೆಟ್ಟಿಗೆ ಕೈಯಲ್ಲಿ ಎತ್ತಿ ನೋಡಿದೆ, ಹಗುರವಾಗಿತ್ತು. ಡ್ರೈ ಐಸ್ ಕರಗಿ ನೀರಾಗುವುದಿಲ್ಲ, ಗಾಳಿಯಾಗಿ ಹೋಗಿಬಿಡುತ್ತದೆ. ಸಂಜೆಯವರೆಗೆ ಅದು ಉಳಿಯುವುದಿಲ್ಲವೆಂದು ಭಾರದಲ್ಲೇ ಗೊತ್ತಾಯಿತು.

ಒಂದು ಕೌಂಟರಿನಿಂದ ಇನ್ನೊಂದಕ್ಕೆ ಹೋದೆ. ಎಲ್ಲ ಕಡೆಯೂ ಸಾರಿ ಎಂದರು. ನಮ್ಮ ಕಚೇರಿಗಳಲ್ಲಿ ಇಲ್ಲ ಎನ್ನುವಾಗ ಮುಖವನ್ನೂ ಗಂಟಿಕ್ಕುತ್ತಾರೆ, ಹಾಗಾಗಿ ಇಲ್ಲ ಎಂದದ್ದು ಖಚಿತವಾಗಿ ತಿಳಿಯುತ್ತದೆ. ಇಲ್ಲಿ ನಗುತ್ತಾ ಹೇಳುವುದರಿಂದ ಇನ್ನೊಮ್ಮೆ ಕೇಳೋಣ ಅನಿಸುತ್ತದೆ. ನಾನು ಇನ್ನೊಮ್ಮೆ ಕೇಳಿದೆ, ಮತ್ತೂ ಒಮ್ಮೆ ಕೇಳಿದೆ. ಐದನೆಯ ಕೌಂಟರಿನ ಹುಡುಗಿ ನನ್ನನ್ನು ಕಂಡದ್ದೇ ಫೋನ್ ಎತ್ತಿ ಯಾರೊಡನೆಯೋ ಮಾತಾಡುವಂತೆ ಮಾಡಿದಳು.

ಕೊನೆಗೆ ಚಹಾದಂಗಡಿಯಲ್ಲಿ ಮೇಜು ಒರೆಸುತ್ತಿದ್ದ ಪಂಜಾಬಿ ಹೆಂಗಸೊಬ್ಬರನ್ನು ಹಿಡಿದೆ. ನನ್ನ ಹಿಂದಿ ಮುರುಕು, ಅವರದ್ದು ವೇಗ. “ವಿಮಾನದಲ್ಲಿ ಐಸ್ ಕ್ರೀಮ್ ಕೊಡ್ತಾರಲ್ಲ, ಅದನ್ನು ತಣ್ಣಗೆ ಇಡುವುದು ಹೇಗೆ?” ಎಂದು ಕೇಳಿದೆ. ಅವರು ಒರೆಸುವ ಬಟ್ಟೆ ಕೆಳಗಿಟ್ಟರು. ಅವರ ನಾದಿನಿ ವಿಮಾನಕ್ಕೆ ಊಟ ತುಂಬುವ ಕಡೆ ಕೆಲಸ ಮಾಡುತ್ತಿದ್ದರಂತೆ. ಎರಡು ಗಂಟೆಯ ಮೇಲೆ ಆ ನಾದಿನಿ ದಪ್ಪ ಕೈಗವಸು ಹಾಕಿಕೊಂಡು ಒಂದು ಚೀಲ ಡ್ರೈ ಐಸ್ ತಂದುಕೊಟ್ಟರು. ಒಳಗೆ ಔಷಧಿಯೋ ಎಂದು ಕೇಳಿದರು. ಕರುಳಿನ ನೀರೆಂದು ಹೇಳಿದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು, ಆಮೇಲೆ ನನ್ನ ತಲೆ ಮುಟ್ಟಿ ಆಶೀರ್ವಾದ ಮಾಡಿದರು. ಸೀಸೆಗಳು ಉಳಿದವೆಂದು ನಾನು ಕಣ್ಣೊರೆಸಿಕೊಂಡೆ. ಅವು ಆಗಲೇ ಕೆಟ್ಟಾಗಿತ್ತೆಂದು ನನಗೆ ಗೊತ್ತಿರಲಿಲ್ಲ.

ಎಡಿನ್‌ಬರೊ, ಮೊದಲ ವಾರಗಳು

ಪ್ರಯೋಗಾಲಯದ ಹಿರಿಯ ತಂತ್ರಜ್ಞೆ ಐಲೀನ್. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಮೊದಲ ದಿನವೇ ನನ್ನನ್ನು ‘ಹೆನ್’ ಎಂದು ಕರೆದರು. ಕೋಳಿ ಎಂದು ಬೈದರೆಂದುಕೊಂಡು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೆಯ ದಿನ ಬಸ್ಸಿನ ಚಾಲಕನೂ ಹೆನ್ ಎಂದ, ತರಕಾರಿ ಅಂಗಡಿಯವಳೂ ಎಂದಳು. ನಮ್ಮಲ್ಲಿ ಮಾರಾಯ್ತಿ ಎನ್ನುವ ಹಾಗೆ ಇದು ಎಂದು ಆಮೇಲೆ ತಿಳಿಯಿತು. ಐಲೀನರಿಗೆ ಹೇಳಿದೆ. ಅವರು ಅಂದಿನಿಂದ ನನ್ನನ್ನು ‘ಮಾರಾಯ್ಟಿ’ ಎಂದು ಕರೆಯತೊಡಗಿದರು. ಹೆನ್ ಎಂದಿದ್ದರೇ ಚೆನ್ನಾಗಿತ್ತು.

ಅಲ್ಲಿಯ ಜನ ದಿನವಿಡೀ ಹವೆಯ ಮಾತಾಡುತ್ತಾರೆ. ಕೊಡೆ ಬಿಡಿಸಲೂ ಸೋಮಾರಿತನವಾಗುವಂಥ ತುಂತುರಿಗೆ ‘ಭಯಂಕರ ಮಳೆ’ ಎಂದು ನನ್ನ ಬಳಿ ಕ್ಷಮೆ ಕೇಳುತ್ತಿದ್ದರು. ನಾನು ಆಗುಂಬೆಯ ಪಕ್ಕದವಳೆಂದು ಹೇಳುವ ಗೋಜಿಗೆ ಹೋಗಲಿಲ್ಲ. ಬೆಳಿಗ್ಗೆ ಓಟ್ಸಿನ ಗಂಜಿಗೆ ಉಪ್ಪು ಹಾಕಿ ಉಣ್ಣುವುದನ್ನು ಕಂಡಾಗ ಮಾತ್ರ ಊರಿಗೆ ಬಂದಷ್ಟು ಖುಷಿಯಾಯಿತು. ಊರಿಂದ ತಂದಿದ್ದ ಉಪ್ಪಿನಕಾಯಿ ತೆಗೆದೆ. ಐಲೀನ್ ಒಂದು ಮಿಡಿ ಬಾಯಿಗಿಟ್ಟು, ನುಂಗಲೂ ಆಗದೆ ಉಗಿಯಲೂ ಆಗದೆ ಕಿಟಕಿಯ ಕಡೆ ತಿರುಗಿ ನಿಂತರು.

ಕೆಲಸದಲ್ಲಿ ಮಾತ್ರ ಅವರು ಕಟ್ಟುನಿಟ್ಟು. ಅಳೆಯುವ ಪ್ಲೇಟಿನಲ್ಲಿ ತೊಂಬತ್ತಾರು ಪುಟ್ಟ ಗುಳಿಗಳು. ಗುಳಿಗೊಂದು ಹನಿ ನೀರು, ಆಮೇಲೆ ಒಂದರ ಮೇಲೊಂದು ರಾಸಾಯನಿಕ, ತೊಳೆಯುವುದು, ಕಾಯುವುದು, ಮತ್ತೆ ತೊಳೆಯುವುದು. ಕೊನೆಯಲ್ಲಿ ಹಳದಿ ಬಣ್ಣ ಬರುತ್ತದೆ. ಗ್ರೋತ್ ಫ್ಯಾಕ್ಟರ್ ಹೆಚ್ಚಿದ್ದಷ್ಟೂ ಹಳದಿ ಗಾಢ. ಮೂರು ವಾರ ಅಲ್ಲಿನ ರೋಗಿಗಳ ನೀರಿನ ಮೇಲೆ ಕೈ ಪಳಗಿಸಿ, ನಾಲ್ಕನೆಯ ವಾರ ನನ್ನ ಹದಿನೆಂಟು ಸೀಸೆಗಳನ್ನು ತೆಗೆದೆ.

ಬಣ್ಣ ಬಾರದ ದಿನ

ಪ್ಲೇಟಿನ ಎಡಭಾಗದಲ್ಲಿ ಸ್ಕಾಟ್‌ಲ್ಯಾಂಡಿನವರು, ಬಲಭಾಗದಲ್ಲಿ ನಮ್ಮವರು. ಎಡಭಾಗ ಹಳದಿಯಾಯಿತು. ಬಲಭಾಗ ನೀರಿನಂತೆ ಹಾಗೆಯೇ ಉಳಿಯಿತು. ಹದಿನೆಂಟೂ. ಭಟ್ಟರದ್ದೂ.

ಮರುದಿನ ಮತ್ತೆ ಮಾಡಿದೆ. ಹಾಗೆಯೇ.

ಅಧ್ಯಯನ ನೋಡಿಕೊಳ್ಳುತ್ತಿದ್ದ ಡಾಕ್ಟರ್ ರಾಬ್ ಚಿಕ್ಕ ವಯಸ್ಸಿನವರು, ಉತ್ಸಾಹಿ. ಅವರು ಕುಗ್ಗಲಿಲ್ಲ, ಬದಲಿಗೆ ಹಿಗ್ಗಿದರು. “ನಿಮ್ಮ ಕಡೆಯ ಜನರಲ್ಲಿ ಈ ಅಂಶ ಇಲ್ಲದೆಯೇ ಕಲೆ ಕಟ್ಟುತ್ತಿರಬಹುದು. ಹೊಸ ಸಂಗತಿ! ಇದನ್ನು ಬರೆಯೋಣ. ನಿಮ್ಮ ಹೆಸರೂ ಇರುತ್ತದೆ.”

ನನ್ನ ಹೆಸರು ಅಚ್ಚಾಗುತ್ತದೆಂದು ಕೇಳಿ ಎದೆ ಅರಳಿದ್ದು ಸುಳ್ಳಲ್ಲ. ಅರ್ಧ ದಿನ ಆ ಸುಖದಲ್ಲೇ ಇದ್ದೆ. ಆದರೆ ಇಪ್ಪತ್ತು ವರ್ಷ ಮಾಡಿದ ಕೆಲಸ ಒಂದು ಕಲಿಸಿದೆ. ಒಬ್ಬರದ್ದು ಸೊನ್ನೆ ಬಂದರೆ ರೋಗಿಯನ್ನು ನೋಡು, ಎಲ್ಲರದ್ದೂ ಸೊನ್ನೆ ಬಂದರೆ ನಿನ್ನ ಕೈಯನ್ನು ನೋಡು.

ಐಲೀನ್ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. “ನೀರು ಬಂದ ಮೇಲೆ ಔಷಧಿ ಸೇರಿಸಿದ್ದು ಎಷ್ಟು ಹೊತ್ತಿಗೆ?”

ಕರುಳಿನ ನೀರಿನಲ್ಲಿ ಜೀರ್ಣರಸಗಳಿರುತ್ತವೆ. ಅನ್ನವನ್ನು ಕರಗಿಸುವಂತೆ ಅವು ಗ್ರೋತ್ ಫ್ಯಾಕ್ಟರನ್ನೂ ತಿಂದುಹಾಕುತ್ತವೆ. ಅದನ್ನು ತಡೆಯಲು ಒಂದು ಔಷಧಿ ಸೇರಿಸಬೇಕು. ಅವರು ಕಳಿಸಿದ್ದ ಸೂಚನೆಯಲ್ಲಿ ‘ತಕ್ಷಣ’ ಎಂದಿತ್ತು.

“ತಕ್ಷಣವೇ,” ಎಂದೆ. “ಕೊಪ್ಪದಲ್ಲಿ ಸೋಸಿ, ಐಸಿನಲ್ಲಿಟ್ಟು, ಜೀಪಿನಲ್ಲಿ ಘಟ್ಟ ಇಳಿಸಿ, ಆಸ್ಪತ್ರೆ ಮುಟ್ಟಿದ ತಕ್ಷಣ.”

“ಅಂದರೆ?”

“ನಾಲ್ಕು ಗಂಟೆ.”

ಐಲೀನ್ ಸೂಚನೆಯ ಹಾಳೆ ತೆಗೆದು ‘ತಕ್ಷಣ’ದ ಕೆಳಗೆ ಗೆರೆ ಎಳೆದರು. ಬೈದಿದ್ದರೆ ವಾಸಿಯಿತ್ತು. ಅದೇ ದಿನ ಮುಗಿಸಿದರೆ ತಕ್ಷಣವೇ ಅಲ್ಲವೇ ಎಂದುಕೊಂಡವಳು ನಾನು. ಸೂಚನೆ ಓದಿದವಳೂ ನಾನೇ, ಜೀಪಿನಲ್ಲಿ ಪೆಟ್ಟಿಗೆ ಹಿಡಿದು ಕೂತವಳೂ ನಾನೇ. ಬೇರೆ ಯಾರ ಮೇಲೂ ಹಾಕಲು ಬರುವಂತಿರಲಿಲ್ಲ.

ಬಂದರಿನ ಬಸ್ಸು

ರಾಬ್ ಒಪ್ಪಲಿಲ್ಲ. ಐಸಿನಲ್ಲಿಟ್ಟಿದ್ದರೆ ಅಷ್ಟೆಲ್ಲ ನಾಶವಾಗದು ಎಂದರು. ಹಾಗಾದರೆ ಮಾಡಿ ತೋರಿಸುತ್ತೇನೆ ಎಂದೆ. ನಾನು ದೊಡ್ಡವರೆದುರು ಹಾಗೆ ಮಾತಾಡುವವಳಲ್ಲ. ಆ ದಿನ ಬಾಯಿಂದ ಬಂತು.

ಆ ವಾರ ದ್ರಾವಣ ಕುಡಿಯಲು ಬಂದಿದ್ದವರು ಡೇವಿ ಎಂಬ ನಿವೃತ್ತ ಬಸ್ ಚಾಲಕ. ಅವರದ್ದೂ ಅದೇ ಕರುಳು, ಅದೇ ಕಲೆ. ನಾನು ಏನು ಮಾಡಬೇಕೆಂದಿದ್ದೇನೆ ಎಂದು ಅವರಿಗೆ ವಿವರಿಸಿ ಒಪ್ಪಿಗೆ ಕೇಳಿದೆ: ನಿಮ್ಮ ನೀರನ್ನು ಎರಡು ಭಾಗ ಮಾಡುತ್ತೇನೆ, ಒಂದಕ್ಕೆ ಕೂಡಲೇ ಔಷಧಿ, ಇನ್ನೊಂದಕ್ಕೆ ನಾಲ್ಕು ಗಂಟೆಯ ಮೇಲೆ, ಎರಡನ್ನೂ ಒಂದೇ ಐಸ್ ಪೆಟ್ಟಿಗೆಯಲ್ಲಿಟ್ಟು ನಮ್ಮ ಘಟ್ಟದ ದಾರಿಯ ಹಾಗೆ ಕುಲುಕಬೇಕು.

ಡೇವಿ ಲೋಟ ಕೆಳಗಿಟ್ಟು ಗಂಭೀರವಾಗಿ ಯೋಚಿಸಿದರು. “ಬಂದರಿನ ಕಡೆ ಹೋಗುವ ಬಸ್ಸು ಹತ್ತು. ಅಲ್ಲಿ ಕಲ್ಲು ಹಾಸಿದ ರಸ್ತೆ. ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂತುಕೋ. ಮೂವತ್ತು ವರ್ಷ ಓಡಿಸಿದ್ದೇನೆ, ಅದರಷ್ಟು ಕುಲುಕುವ ಸೀಟು ಊರಲ್ಲೇ ಇಲ್ಲ.”

ಹಾಗೆ ನಾನು ಎಡಿನ್‌ಬರೊ ನೋಡಿದ್ದು. ಪ್ರವಾಸಿಗರು ಕೋಟೆ ಹತ್ತುತ್ತಿದ್ದ ಹೊತ್ತಿಗೆ ನಾನು ಭದ್ರವಾಗಿ ಮುಚ್ಚಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಊರಿಂದ ಬಂದರಿಗೆ, ಬಂದರಿನಿಂದ ಊರಿಗೆ ಓಡಾಡಿದೆ. ಕಪ್ಪು ಕಲ್ಲಿನ ಮನೆಗಳು, ಬೂದು ಸಮುದ್ರ, ಮೀನಿನ ವಾಸನೆ. ಮೂರನೆಯ ಸುತ್ತಿನಲ್ಲಿ ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರು ಪೆಟ್ಟಿಗೆ ನೋಡಿ “ಮಧ್ಯಾಹ್ನದ ಊಟವೇ?” ಎಂದರು.

“ಅಲ್ಲ, ಊಟ ಮುಗಿದ ಮೇಲಿನದು,” ಎಂದೆ. ಅವರು ತಲೆಯಾಡಿಸಿ ನನಗೊಂದು ಪೆಪ್ಪರಮಿಂಟು ಕೊಟ್ಟರು.

ಮರುದಿನ ಪ್ಲೇಟಿನ ಸುತ್ತ ಮೂವರೂ ನಿಂತೆವು. ಕೂಡಲೇ ಔಷಧಿ ಸೇರಿಸಿದ ಗುಳಿಗಳು ಅರಿಸಿನದ ನೀರಿನಂತಾದವು. ನಾಲ್ಕು ಗಂಟೆ ತಡವಾದ ಗುಳಿಗಳಲ್ಲಿ ಹಳದಿಯ ನೆರಳಿತ್ತು ಅಷ್ಟೆ. ಒಬ್ಬನೇ ಮನುಷ್ಯ, ಒಂದೇ ಕರುಳು, ಒಂದೇ ಬಸ್ಸು.

ರಾಬ್ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದರು. “ನಿಮ್ಮ ಹದಿನೆಂಟನ್ನು ತೆಗೆದುಹಾಕಬೇಕಾಗುತ್ತದೆ.”

“ಹೌದು, ತೆಗೆಯಿರಿ.”

“ಬರಿಗೈಯಲ್ಲಿ ಹೋಗುತ್ತೀರಿ.”

“ಮತ್ತೆ ಮಾಡುತ್ತೇನೆ,” ಎಂದೆ.

ಸಂಜೆ ಡಾಕ್ಟರು ಸದಾನಂದರಿಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ. ಕೊನೆಗೆ, “ಅಲ್ಲ ಲಲಿತಾ, ಅಷ್ಟು ಜನಕ್ಕೆ ಮತ್ತೆ ಕುಡೀರಿ ಅಂತ ಹೇಳೋದು ಯಾರು?” ಎಂದರು.

“ನಾನೇ ಹೇಳ್ತೇನೆ ಸರ್. ಮನೆಮನೆಗೆ ಹೋಗ್ತೇನೆ.”

ಹದಿನೆಂಟು ಸೀಸೆಗಳನ್ನು ನಾನೇ ಖಾಲಿ ಮಾಡಿದೆ. ಐಲೀನ್ ಪಕ್ಕದಲ್ಲಿ ನಿಂತು ಪ್ರತಿ ಸೀಸೆಯ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದಿ ಪುಸ್ತಕದಲ್ಲಿ ಗೆರೆ ಹೊಡೆದರು. ಉಳಿದ ಎರಡು ತಿಂಗಳು ಕಲಿಯುವುದಷ್ಟೇ ಕೆಲಸ. ಪ್ಲೇಟಿನ ಕೆಲಸವನ್ನು ನಿದ್ದೆಗಣ್ಣಿನಲ್ಲೂ ಮಾಡುವಷ್ಟು ಕಲಿತೆ.

ಕೊಪ್ಪ, ನರಸಿಂಹರಾಜಪುರ

ಊರಿಗೆ ಬಂದ ಮೇಲೆ ಮೊದಲು ಮಾಡಿದ್ದು ಹಳೆಯ ತಪ್ಪಿಗೆ ದಾರಿ ಮುಚ್ಚಿದ್ದು. ನೀರು ಹಿಡಿಯುವ ಪಾತ್ರೆಗೇ ಮೊದಲು ಔಷಧಿ ಹಾಕಿಡುವುದೆಂದಾಯಿತು. ನೀರು ಬಂದು ಬೀಳುವುದೇ ಔಷಧಿಯ ಮೇಲೆ. ಇನ್ನು ಅಲ್ಲಿಯೇ ಗಟ್ಟಿಯಾಗಿ ಹೆಪ್ಪುಗಟ್ಟಿಸಲು ಏನಾದರೂ ಬೇಕಿತ್ತು. ಹಸುಗಳಿಗೆ ಇಂಜೆಕ್ಷನ್ ಕೊಡಲು ಹೋರಿಯ ವೀರ್ಯವನ್ನು ದ್ರವ ನೈಟ್ರೋಜನ್ ಕ್ಯಾನಿನಲ್ಲಿ ಇಡುತ್ತಾರಲ್ಲ, ಅದು ನೆನಪಾಯಿತು. ಅಂಥದ್ದೊಂದು ಹಳೆಯ ಕ್ಯಾನನ್ನು ದನದ ಡಾಕ್ಟರೊಬ್ಬರು ಕೊಟ್ಟರು.

ಆಮೇಲೆ ಮನೆಗಳು. ತಪ್ಪು ನನ್ನದೆಂದು ಮೊದಲ ಮಾತಿನಲ್ಲೇ ಹೇಳಿದೆ. ನರಸಿಂಹರಾಜಪುರದ ಒಬ್ಬ ಟೀಚರು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. “ನನ್ನ ಒಂದು ದಿನ ಹೋಯ್ತು, ಮಾನವೂ ಹೋಯ್ತು. ಈಗ ನೀವು ತಪ್ಪಾಯ್ತು ಅಂತೀರ. ಮಕ್ಕಳು ಲೆಕ್ಕ ತಪ್ಪು ಮಾಡಿದ್ರೆ ನಾವು ಕೇಳೂದಿಲ್ವಾ?” ಕೇಳಬೇಕಾದದ್ದೇ. ನಿಂತು ಕೇಳಿಸಿಕೊಂಡೆ. ಅವರು ಮತ್ತೆ ಬರಲಿಲ್ಲ. ಏಳು ಜನ ಬರಲಿಲ್ಲ. ಹನ್ನೊಂದು ಜನ ಬಂದರು.

ಭಟ್ಟರು ಬೈಯಲಿಲ್ಲ. ನೈಟ್ರೋಜನ್ ಕ್ಯಾನನ್ನು ಮಾತ್ರ ಸುತ್ತು ಹಾಕಿ ನೋಡಿದರು. “ಹೋರಿ ಬೀಜ ಇಡೂ ಡಬ್ಬದಲ್ಲಿ ನನ್ನ ಹೊಟ್ಟೆ ನೀರಾ? ಇದನ್ನ ಊರಲ್ಲಿ ಯಾರಿಗೂ ಹೇಳ್ಬೇಡ ಮಾರಾಯ್ತಿ.” ಹದಿನಾರು ಲೋಟವನ್ನೂ ಕುಡಿದು ಮುಗಿಸಿದರು.

ಬೇಗಾರು

ಈ ಸಲ ಪ್ಲೇಟು ನಮ್ಮ ಆಸ್ಪತ್ರೆಯಲ್ಲೇ ಆಯಿತು. ಹನ್ನೊಂದರಲ್ಲಿ ಎಂಟಕ್ಕೆ ಬಣ್ಣ ಬಂತು. ಎಲ್ಲಕ್ಕಿಂತ ಗಾಢವಾದ ಗುಳಿಯ ಸಂಖ್ಯೆಯನ್ನು ಪುಸ್ತಕದಲ್ಲಿ ಹುಡುಕುವ ಅಗತ್ಯ ನನಗಿರಲಿಲ್ಲ, ಅದು ಭಟ್ಟರದ್ದು. ಬಣ್ಣವೊಂದನ್ನೇ ನಂಬಿ ಏನೂ ಹೇಳಲಾಗದೆಂದು ಡಾಕ್ಟರು ಭಟ್ಟರನ್ನು ಕರೆಸಿ ಎಕ್ಸ್‌ರೇ ತೆಗೆಸಿದರು. ಹಳೆಯ ಹೊಲಿಗೆಯ ಮೇಲ್ಗಡೆ ಕರುಳು ದಾರದಷ್ಟಾಗಿತ್ತು.

ಚಿತ್ರ ಬಂದ ದಿನ ಅವರು ಬೇಗಾರಿನ ಒಂದು ಉಪನಯನದ ಮನೆಯಲ್ಲಿದ್ದರು. ಡಾಕ್ಟರು ನನ್ನನ್ನೇ ಕಳಿಸಿದರು. ಒಲೆಗಳ ನಡುವೆ, ಹೆಗಲ ಮೇಲೆ ಟವೆಲು, ಕೈಯಲ್ಲಿ ಉದ್ದ ಸೌಟು.

“ಬೆಳೀತಾ ಇದೆ ಭಟ್ರೇ,” ಎಂದೆ.

ಹುಳಿಯ ಕೊಪ್ಪರಿಗೆಯಲ್ಲಿ ಸೌಟು ಒಂದು ಸುತ್ತು ತಿರುಗಿತು. “ಆ ಬಣ್ಣ ಹೇಳ್ತಾ?”

“ಬಣ್ಣ ಸುಳಿವು ಕೊಟ್ಟಿತು. ಎಕ್ಸ್‌ರೇ ಹೇಳ್ತು. ಪೂರ್ತಿ ಕಟ್ಟೂದಕ್ಕೆ ಮುಂಚೆ ಕೊಯ್ದು ತೆಗೀಬೇಕು. ಕಟ್ಟಿದ ಮೇಲೆ ಅವಸರದಲ್ಲಿ ಮಾಡಿದ್ರೆ ಕಷ್ಟ ಅಂತಾರೆ ಡಾಕ್ಟ್ರು.”

“ಮದುವೆ ಕಾಲ ಇದು. ಮಾತು ಕೊಟ್ಟಿದ್ದೆಲ್ಲ ಮುಗೀಲಿ, ಮಳೆ ಹಿಡಿದ ಮೇಲೆ ನೋಡೂಣ.”

“ಆಗೂದಿಲ್ಲ.”

“ಎಂತ ಆಗೂದಿಲ್ಲ? ಹೋದ ಸಲ ನೀನೇ ತಪ್ಪು ಮಾಡಿದ್ದಲ್ವಾ? ಈ ಸಲ ಸರಿ ಅಂತ ಹೇಗೆ ನಂಬೂದು?”

ಆ ಮಾತು ನಾಟಿತು. ಆದರೆ ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಡೇವಿಯ ನೀರು ಎರಡು ಭಾಗವಾದದ್ದು, ಬಂದರಿನ ಬಸ್ಸು, ಹಿಂದಿನ ಚಕ್ರದ ಸೀಟು, ಅಜ್ಜಿಯ ಪೆಪ್ಪರಮಿಂಟು, ಸೀಸೆಗಳನ್ನು ಚೆಲ್ಲಿದ್ದು ಎಲ್ಲವನ್ನೂ ಒಲೆಯ ಮುಂದೆ ನಿಂತೇ ಹೇಳಿದೆ. ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು. “ತಪ್ಪು ಎಲ್ಲಿ ಆಯ್ತು ಅಂತ ಗೊತ್ತಾಗಿದ್ದಕ್ಕೇ ಈ ಸಲ ಇಷ್ಟು ಗಟ್ಟಿಯಾಗಿ ಹೇಳ್ತಾ ಇದ್ದೇನೆ. ನೀವೇ ಅಲ್ವಾ ಸಮಾಧಾನ ಮಾಡಬೇಡ ಅಂದಿದ್ದು?”

ಭಟ್ಟರು ಸೌಟನ್ನು ಪಕ್ಕದ ಅಡಿಗೆಯವನ ಕೈಗೆ ಕೊಟ್ಟರು. ಟವೆಲಿನಿಂದ ಮುಖ ಒರೆಸಿಕೊಂಡರು.

“ಯಾವತ್ತು?”

“ಸೋಮವಾರ.”

“ಬುಧವಾರ ಒಂದು ನಿಶ್ಚಿತಾರ್ಥ ಇದೆ. ಬೇರೆಯವರಿಗೆ ಹೇಳಿ ಒಪ್ಪಿಸ್ತೇನೆ.” ಆಮೇಲೆ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, “ನೀನು ಬರ್ತೀಯಲ್ವಾ ಜೊತೆಗೆ?”

ಬರುತ್ತೇನೆ ಎಂದೆ.

ಆಪರೇಷನ್ ಸುಸೂತ್ರವಾಗಿ ಆದದ್ದು, ತಿಂಗಳು ಕಳೆದು ಅವರು ಗಟ್ಟಿ ಅನ್ನ ಉಂಡದ್ದು ಆಮೇಲಿನ ಸಂಗತಿ. ಮುಂದೆ ಮತ್ತೆ ಕಲೆ ಕಟ್ಟುವುದಿಲ್ಲವೆಂದು ಯಾರೂ ಅವರಿಗೆ ಮಾತು ಕೊಟ್ಟಿಲ್ಲ, ಅವರೂ ಕೇಳಿಲ್ಲ. ಆ ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಶೃಂಗೇರಿ ನಿಲ್ದಾಣಕ್ಕೆ ಓಡಿಬಂದಾಗ, ಇಸ್ತ್ರಿ ಮಾಡಿದ ಪಂಚೆಯುಟ್ಟು, ಕೈಚೀಲ ಹಿಡಿದು, ಭಟ್ಟರು ಆಗಲೇ ಬಂದು ನಿಂತಿದ್ದರು. ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟರು.